ಬಾಣದ ಪರೀಕ್ಷೆ: ಒಂದು ವಿಚಾರ

ಒಂದು ಬಾಣವು ಇಷ್ಟು ಅಂಗುಲ ನಾಟಿತೆಂದು ಕೇಳಿದೊಡನೆ ನಾವು ಬಾಣವನ್ನು ಕೊಂಡಾಡುತ್ತೇವೆ. ಅದು ನಾಟಿದುದು ಯಾವ ವಸ್ತುವಿನಲ್ಲಿ, ಎಷ್ಟು ದೂರದಿಂದ ಎಂದು ಕೇಳುವವರು ವಿರಳ. ಈ ಪ್ರಶ್ನೆಯೇನೂ ಹೊಸದಲ್ಲ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡದಲ್ಲಿ ರಾಮನು ದುಂದುಭಿಯ ಅಸ್ಥಿಪಂಜರವನ್ನು ಕಾಲ್ಬೆರಳಿನಿಂದ ಹತ್ತು ಯೋಜನ ದೂರ ಚಿಮ್ಮುತ್ತಾನೆ. ಆದರೂ ಸುಗ್ರೀವನಿಗೆ ತೃಪ್ತಿಯಿಲ್ಲ. ವಾಲಿಯು ಎಸೆದಾಗ ಅದು ರಕ್ತಮಾಂಸಗಳಿಂದ ಕೂಡಿದ ಹಸಿ ದೇಹವಾಗಿತ್ತು, ಈಗ ಒಣಗಿ ಹಗುರವಾಗಿದೆ. ಇದರಿಂದ ಯಾರ ಬಲ ಹೆಚ್ಚೆಂದು ತಿಳಿಯುವುದೆಂತು ಎಂಬುದು ಅವನ ವಾದ. ಆಮೇಲೆಯೇ ರಾಮಬಾಣವು ಏಳು ಸಾಲವೃಕ್ಷಗಳನ್ನು ಭೇದಿಸಿದುದು.

ಈ ಕಥೆಯನ್ನು ಓದಿದ್ದ ನಾನೇ ಕಳೆದ ರಜೆಯಲ್ಲಿ ಎಡವಿದೆ. ಕದ್ರಾದ ನಮ್ಮ ಹಿತ್ತಲಲ್ಲಿ ತಮ್ಮನೂ ನಾನೂ ಬಿದಿರಿನ ಬಿಲ್ಲಿನಿಂದ ಎರಡು ಬಗೆಯ ಬಾಣಗಳನ್ನು ಬಾಳೆಯ ಕಂಬಕ್ಕೆ ಹೊಡೆದೆವು. ಹಗುರವಾದ ಬಾಣ ಹೆಚ್ಚು ಆಳಕ್ಕೆ ಹೋಯಿತು. ನಾನು ತೀರ್ಪನ್ನು ಪುಸ್ತಕದಲ್ಲಿ ಬರೆದೂಬಿಟ್ಟೆ. ತಮ್ಮನು ತಾನು ಕೂಡಿಟ್ಟ ಹಣದಿಂದ ಅಂಥವೇ ಬಾಣಗಳನ್ನು ಕೊಳ್ಳಲು ಸಿದ್ಧನಾದ. ಜಗಲಿಯ ಮೇಲೆ ಕುಳಿತು ನೋಡುತ್ತಿದ್ದ, ಓದುಬರಹ ಬಾರದ ನಮ್ಮಪ್ಪ ಕೇಳಿದರು: "ಒಂದನ್ನು ಬುಡಕ್ಕೆ ಹೊಡೆದಿರಿ, ಇನ್ನೊಂದನ್ನು ನಡುವಿಗೆ ಹೊಡೆದಿರಿ. ಬುಡ ಗಟ್ಟಿ ಇರುವುದಿಲ್ಲವೇನೋ ಮಗಾ?"

ನನ್ನ ಬಳಿ ಉತ್ತರವಿರಲಿಲ್ಲ. ಒಂದೇ ಎತ್ತರದಲ್ಲಿ, ಒಂದೇ ದೂರದಿಂದ, ತಲಾ ಹತ್ತು ಸಲ ಹೊಡೆದೆವು. ಒಮ್ಮೆ ಇದು ಮುಂದು, ಒಮ್ಮೆ ಅದು ಮುಂದು. ಮೊದಲು ಕಂಡ ಅಂತರ ಉಳಿಯಲಿಲ್ಲ. ತಮ್ಮನ ಹಣ ಉಳಿಯಿತು.

ದೊಡ್ಡವರ ಪರೀಕ್ಷೆಗಳಿಗೂ ಇದೇ ನಿಯಮ ಸಲ್ಲುತ್ತದೆ. ಅಮೆರಿಕದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವರು 75 ಪೌಂಡಿನ ಬಿಲ್ಲಿನಿಂದ ಕೆಲವೇ ಗಜಗಳ ದೂರದಲ್ಲಿ, ಉಕ್ಕಿನ ಬಳೆಗಳನ್ನು ಹೆಣೆದ ಹಳೆಯ ಕವಚವನ್ನು ಭೇದಿಸಿದುದನ್ನು 1923ರ ತಮ್ಮ ಗ್ರಂಥದಲ್ಲಿ ವರ್ಣಿಸಿದ್ದಾರೆ. ಕವಚವನ್ನು ತೊಡಿಸಿದ್ದು ಮರದ ಪೆಟ್ಟಿಗೆಗೆ. ಫಲಿತಾಂಶ ನಿಜವೇ. ಆದರೆ ರಣರಂಗದಲ್ಲಿ ಓಡಾಡುವ ಯೋಧನು ಪೆಟ್ಟಿಗೆಯಲ್ಲ. ದೂರವೂ ಕೆಲವೇ ಗಜಗಳಲ್ಲ. ಬಿಲ್ಲಾದರೂ ಒಂದೇ ಎನ್ನೋಣವೆ? 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಬಿಲ್ಲುಗಳಲ್ಲಿ ಹೆಚ್ಚಿನವು 100 ಪೌಂಡಿಗೂ ಮಿಗಿಲಾದವೆಂದು ವಿದ್ವಾಂಸರ ಅಂದಾಜು.

ಅಂಕಿಗಳೂ ಎಚ್ಚರವನ್ನು ಬೇಡುತ್ತವೆ. ಸೆಕೆಂಡಿಗೆ 60 ಮೀಟರ್ ಹೋಗುವ 20 ಗ್ರಾಂ ಬಾಣಕ್ಕೂ, 40 ಮೀಟರ್ ಹೋಗುವ 45 ಗ್ರಾಂ ಬಾಣಕ್ಕೂ ಚಲನಶಕ್ತಿ ಒಂದೇ, 36 ಜೌಲ್. ಆದರೆ ಸಂವೇಗದಲ್ಲಿ ಎರಡನೆಯದು ಒಂದೂವರೆ ಪಟ್ಟು ದೊಡ್ಡದು. ಒಂದನ್ನೇ ಹೇಳಿ ಇನ್ನೊಂದನ್ನು ಬಿಟ್ಟ ವರದಿ ಅರ್ಧ ವರದಿ.

ಆದುದರಿಂದ ಮಿತ್ರರೇ, ಯಾವುದೇ ಪರೀಕ್ಷೆಯನ್ನು ನಂಬುವ ಮೊದಲು ನಾಲ್ಕು ಮಾತು ಕೇಳೋಣ. ಗುರಿ ಯಾವುದು? ದೂರವೆಷ್ಟು? ಎಷ್ಟು ಸಲ ಹೊಡೆದರು? ಹೊಡೆದವರೇ ಮಾರುವವರೋ? ಅಚ್ಚಾದುದೆಲ್ಲ ಸತ್ಯವೆಂದು ನಂಬಿ ನಾನು ಈ ಕಾಲೇಜಿಗೆ ಬಂದೆ. ನಮ್ಮ ಮನೆಯಲ್ಲಿ ಮೊದಲು ಪದವಿ ಪಡೆಯಲಿರುವವನು ನಾನು. ಆದರೆ ಪ್ರಶ್ನೆ ಕೇಳುವ ವಿದ್ಯೆ ನಮ್ಮ ಜಗಲಿಯಲ್ಲಿ ಮೊದಲೇ ಇತ್ತು.