ಹಳೆ ಬೋಟಿನ ಇಂಜಿನ್: ಬಿಚ್ಚಿ ಕಟ್ಟಿಸುವುದೋ, ಹೊಸತು ಕೂರಿಸುವುದೋ?



ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ತದಡಿ, ಕಾರವಾರ ಬಂದರುಗಳಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಬಲೆ ಹೆಣೆಯುವುದು, ಬಣ್ಣ ಬಳಿಯುವುದು, ಇಂಜಿನ್ ಬಿಚ್ಚುವುದು ಎಲ್ಲವೂ ಈ ಎರಡೇ ತಿಂಗಳಲ್ಲಿ ಆಗಬೇಕು. ಹಳೆ ಬೋಟು ಇದ್ದವರ ಮನೆಯಲ್ಲಿ ಒಂದು ಮಾತು ಕೇಳಿಬರುವುದೂ ಇದೇ ಹೊತ್ತಿಗೆ: "ಇಂಜಿನ್ ಹೋಯ್ತು ಮಾರಾಯ್ರೆ, ಇನ್ನು ಹೊಸತು ಹಾಕುದೇ ಒಳ್ಳೇದು."

ಮರುದಿನವೇ ಸಾಲದ ಅರ್ಜಿ ಬರುತ್ತದೆ. ಸಂಘದಲ್ಲಿ ಹೆಂಡತಿಯ ಸಹಿ ಬೇಕು, ಮನೆಯ ಚಿನ್ನ ಬ್ಯಾಂಕಿಗೆ ಹೋಗುತ್ತದೆ. ಆದರೆ "ಇಂಜಿನ್ ಹೋಯ್ತು" ಅಂದರೆ ಏನು ಹೋಯ್ತು, ಯಾಕೆ ಹೋಯ್ತು ಎಂದು ಕೇಳಿದವರು ಕಡಿಮೆ. ಇನ್ನೊಂದು ಕಡೆ, ನಿಜವಾಗಿ ಸವೆದ ಇಂಜಿನನ್ನು "ಇನ್ನೊಂದು ಸೀಸನ್ ನೋಡುವ" ಎಂದು ಓಡಿಸುವವರೂ ಇದ್ದಾರೆ. ಅದು ದಡದಿಂದ ದೂರ, ಗಾಳಿ ಎದ್ದ ಹೊತ್ತಿನಲ್ಲಿ ನಿಂತರೆ ಬೋಟಿನಲ್ಲಿರುವ ಎಲ್ಲರ ಜೀವದ ಪ್ರಶ್ನೆ. ಆದ್ದರಿಂದ ಈ ಪಾಠ ಮಾಲಕರಿಗೆ ಮಾತ್ರವಲ್ಲ, ಸಾಲಕ್ಕೆ ಸಹಿ ಹಾಕುವ ಮನೆಯವರಿಗೂ.

1. ಇಂಜಿನ್ ಕೊಡುವ ಸೂಚನೆಗಳು

ಹೊಗೆಯ ಬಣ್ಣ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ರಿಂಗ್, ಲೈನರ್ ಅಥವಾ ವಾಲ್ವ್ ಗೈಡ್ ಸವೆದಿರಬಹುದು. ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಇದಕ್ಕೆ ಸವೆತವೇ ಕಾರಣ ಆಗಬೇಕೆಂದಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಸರಿಯಾಗಿ ಸಿಂಪಡಿಸದೆ ಇರಬಹುದು, ಬೋಟಿನ ಅಡಿಯಲ್ಲಿ ಚಿಪ್ಪು ಬೆಳೆದು ಭಾರ ಹೆಚ್ಚಿರಬಹುದು. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕಂಪ್ರೆಶನ್ ಕಡಿಮೆಯಾಗಿರಬಹುದು, ಇಲ್ಲವೇ ಒಳಗೆ ನೀರು ಹೋಗುತ್ತಿರಬಹುದು.

ಇಂಜಿನ್ ಓಡುವಾಗ ಬ್ರೀದರ್ ಪೈಪನ್ನು ಗಮನಿಸಿ. ಅಲ್ಲಿಂದ ಬುಸುಬುಸು ಎಂದು ಹೊಗೆ ಬರುತ್ತಿದ್ದರೆ ಪಿಸ್ಟನ್ ಪಕ್ಕದಿಂದ ಗ್ಯಾಸ್ ಕೆಳಗೆ ಸೋರುತ್ತಿದೆ. ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಇಳಿಯುತ್ತಾ ಬಂದರೆ ಬೇರಿಂಗ್ ಸವೆದಿರುವ ಸಂಭವ ಇದೆ. ಆದರೆ ಮೊದಲು ಬೇರೆ ಗೇಜ್ ಹಾಕಿ ಖಾತ್ರಿ ಮಾಡಿಕೊಳ್ಳಿ, ಗೇಜೇ ಹಾಳಾಗಿರಬಹುದು. ಆಯಿಲ್ ಹಾಲಿನ ಹಾಗೆ ಬಿಳಿಚಿಕೊಂಡರೆ ನೀರು ಸೇರಿದೆ. ಅಂತಹ ಇಂಜಿನನ್ನು ಒಂದು ಗಂಟೆಯೂ ಓಡಿಸಬಾರದು.

2. ಬಿಚ್ಚುವ ಮೊದಲು ಅಳೆಯಿರಿ

ಪ್ರತಿ ಸಿಲಿಂಡರಿನ ಕಂಪ್ರೆಶನ್ ಟೆಸ್ಟ್ ಮಾಡಿಸಿ, ಬಂದ ಅಂಕೆಗಳನ್ನು ಬರೆದಿಡಿ. ಕಂಪೆನಿಯ ಕೈಪಿಡಿಯಲ್ಲಿರುವ ಅಂಕೆಗೆ ಹೋಲಿಸಿ. ಎಲ್ಲ ಸಿಲಿಂಡರುಗಳೂ ಸಮನಾಗಿ ಇಳಿದಿದ್ದರೆ ಅದು ಸವೆತ. ಒಂದೇ ಸಿಲಿಂಡರ್ ಇಳಿದಿದ್ದರೆ ವಾಲ್ವೋ ರಿಂಗೋ ಇರಬಹುದು. ಅಕ್ಕಪಕ್ಕದ ಎರಡು ಮಾತ್ರ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ. ಗ್ಯಾಸ್ಕೆಟಿನ ಕೆಲಸಕ್ಕೆ ಹೊಸ ಇಂಜಿನ್ ಕೊಂಡರೆ ಹೇಗಾದೀತು?

ಒಂದು ನೋಟ್‌ಬುಕ್ ಬೋಟಿನಲ್ಲಿಯೇ ಇರಲಿ. ಪ್ರತಿ ಟ್ರಿಪ್ಪಿಗೆ ಎಷ್ಟು ಗಂಟೆ ಓಡಿತು, ಎಷ್ಟು ಲೀಟರ್ ಡೀಸೆಲ್, ಎಷ್ಟು ಆಯಿಲ್ ಸೇರಿಸಿದೆವು ಎಂದು ತಾಂಡೇಲರು ಬರೆದಿಡಲಿ. ಮೇ ತಿಂಗಳಲ್ಲಿ ಈ ಪುಸ್ತಕ ತೆರೆದರೆ ಇಂಜಿನ್ ಯಾವ ಕಡೆಗೆ ಹೋಗುತ್ತಿದೆ ಎಂದು ಯಾರೂ ಹೇಳಬೇಕಾಗಿಲ್ಲ.

3. ಬಿಚ್ಚಿದ ಮೇಲೆ ತೀರ್ಮಾನಿಸುವ ನಾಲ್ಕು ವಿಷಯ

ಒಂದು, ಬ್ಲಾಕ್. ಬಿರುಕು ಬಿಟ್ಟಿದ್ದರೆ, ಉಪ್ಪುನೀರಿನಿಂದ ಒಳಗೆ ತಿಂದುಹೋಗಿದ್ದರೆ ಅದಕ್ಕೆ ಹಣ ಸುರಿಯುವುದು ವ್ಯರ್ಥ.

ಎರಡು, ಕ್ರ್ಯಾಂಕ್ ಶಾಫ್ಟ್. ಲೇತ್ ಶಾಪಿನಲ್ಲಿ ಮೈಕ್ರೋಮೀಟರ್ ಇಟ್ಟು ಅಳೆಯಿಸಿ. ಸವೆದ ಕ್ರ್ಯಾಂಕನ್ನು ಗ್ರೈಂಡ್ ಮಾಡಿ ಅದಕ್ಕೆ ತಕ್ಕ ಬೇರಿಂಗ್ ಹಾಕಬಹುದು. ಸಾಮಾನ್ಯವಾಗಿ 0.25, 0.50, 0.75 ಮಿ.ಮೀ. ಹೀಗೆ ಹಂತಗಳಿರುತ್ತವೆ. ಕೊನೆಯ ಹಂತ ಈಗಾಗಲೇ ಮುಗಿದಿದ್ದರೆ ಬೇರೆ ಕ್ರ್ಯಾಂಕೇ ಬೇಕು.

ಮೂರು, ಲೈನರ್. ಇದು ಹೆಚ್ಚಾಗಿ ಮೇಲ್ಭಾಗದಲ್ಲಿ, ಮೇಲಿನ ರಿಂಗ್ ತಿರುಗಿ ಬರುವ ಜಾಗದಲ್ಲಿ ಸವೆದು ಅಂಡಾಕಾರವಾಗುತ್ತದೆ. ಅಂತಹ ಲೈನರಿಗೆ ಹೊಸ ರಿಂಗ್ ಮಾತ್ರ ಹಾಕಿ ಉಳಿಸಿದ ದುಡ್ಡು ಅಕ್ಟೋಬರ್ ಒಳಗೆ ಮುಳುಗುತ್ತದೆ. ಲೈನರ್, ಪಿಸ್ಟನ್, ರಿಂಗ್ ಸೆಟ್ಟಾಗಿಯೇ ಬದಲಾಗಲಿ. ಜೊತೆಗೆ ಹೆಡ್ ಕೆಲಸ, ಇಂಜೆಕ್ಟರ್ ಟೆಸ್ಟ್, ಡೀಸೆಲ್ ಪಂಪಿನ ಕ್ಯಾಲಿಬ್ರೇಶನ್ ಬಿಡಬೇಡಿ.

ನಾಲ್ಕು, ಬಿಡಿಭಾಗ. ಆ ಮಾಡೆಲಿನ ಒಳ್ಳೆಯ ಸಾಮಾನು ಊರಿನಲ್ಲಿ ಸಿಗುತ್ತದೆಯೇ? ಒಂದು ಗ್ಯಾಸ್ಕೆಟಿಗೆ ಹದಿನೈದು ದಿನ ಕಾಯಬೇಕಾದ ಇಂಜಿನ್ ಎಷ್ಟೇ ಗಟ್ಟಿಯಾಗಿದ್ದರೂ ಸೀಸನ್‌ನಲ್ಲಿ ಕೈಕೊಡುತ್ತದೆ.

ಬ್ಲಾಕ್, ಕ್ರ್ಯಾಂಕ್ ಎರಡೂ ಚೆನ್ನಾಗಿದ್ದು ಬಿಡಿಭಾಗ ಸಿಗುವುದಾದರೆ ಬಿಚ್ಚಿ ಕಟ್ಟಿಸುವುದೇ ಲಾಭ. ಎರಡರಲ್ಲಿ ಒಂದು ಹೋಗಿದ್ದರೂ ಬದಲಿಸುವ ಲೆಕ್ಕ ಹಾಕಿ.

4. ಹಳೆಯದು ಯಾಕೆ ಹಾಳಾಯಿತು?

ಈ ಪ್ರಶ್ನೆಗೆ ಉತ್ತರ ಸಿಗದೆ ಹೊಸತನ್ನು ಇಳಿಸಬೇಡಿ. ಹಳೆಯದನ್ನು ಕೊಂದ ಕಾರಣ ಬೋಟಿನಲ್ಲಿಯೇ ಉಳಿದರೆ ಹೊಸತನ್ನೂ ಕೊಲ್ಲುತ್ತದೆ. ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು, ಕೆಸರು ಇದೆಯೇ? ಸಮುದ್ರದ ನೀರು ಎಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ ತುಂಡಾಗಿದೆಯೇ? ಕೂಲರಿನ ಕೊಳವೆಗಳಲ್ಲಿ ಉಪ್ಪು ಕಟ್ಟಿದೆಯೇ? ಇಂಜಿನ್ ರೂಮಿಗೆ ಸಾಕಷ್ಟು ಗಾಳಿ ಬರುತ್ತದೆಯೇ? ಪ್ರೊಪೆಲ್ಲರ್, ಅಂದರೆ ನಮ್ಮವರು ಹೇಳುವ ಫ್ಯಾನ್, ಇಂಜಿನಿನ ಶಕ್ತಿಗೆ ಮೀರಿದ್ದೇ?

5. ಹೊಸತು ಅಂದರೆ ದೊಡ್ಡದು ಅಲ್ಲ

"ಹೇಗೂ ಹಾಕುದು, ಸ್ವಲ್ಪ ದೊಡ್ಡದೇ ಹಾಕುವ" ಎನ್ನುವುದು ಎಲ್ಲ ಬಂದರಿನಲ್ಲೂ ಕೇಳುವ ಮಾತು. ನಮ್ಮ ಟ್ರಾಲ್ ಬೋಟುಗಳು ನೀರನ್ನು ತಳ್ಳಿಕೊಂಡು ಹೋಗುವ ಬೋಟುಗಳು, ನೀರಿನ ಮೇಲೆ ಎದ್ದು ಹಾರುವಂಥವಲ್ಲ. ಇಂಥ ಬೋಟಿನ ವೇಗಕ್ಕೆ ಅದರ ಉದ್ದವೇ ಒಂದು ಮಿತಿ ಹಾಕುತ್ತದೆ. ನೀರಿನ ಮಟ್ಟದಲ್ಲಿ 36 ಅಡಿ ಉದ್ದ ಇರುವ ಬೋಟಿಗೆ ಆ ಮಿತಿ ಸುಮಾರು 8 ನಾಟ್. ಅದರ ಹತ್ತಿರ ಬಂದ ಮೇಲೆ ಎಷ್ಟು ಶಕ್ತಿ ಕೊಟ್ಟರೂ ಅಲೆ ದೊಡ್ಡದಾಗುತ್ತದೆ, ಡೀಸೆಲ್ ಸುಡುತ್ತದೆ, ವೇಗ ಅಷ್ಟಾಗಿ ಏರುವುದಿಲ್ಲ. ಡೀಸೆಲ್ ಇಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸರಿಸುಮಾರು 0.2 ಲೀಟರ್ ಕುಡಿಯುತ್ತದೆ. 100 ಅಶ್ವಶಕ್ತಿ ಪೂರ್ತಿ ಬಳಸಿದರೆ ಗಂಟೆಗೆ 20 ಲೀಟರ್ ಆಯಿತು.

ಇಂಜಿನಿನ ಶಕ್ತಿ ಕಿಲೋವ್ಯಾಟಿನಲ್ಲಿ ಬರೆದಿದ್ದರೆ 1.34ರಿಂದ ಗುಣಿಸಿ, ಅಶ್ವಶಕ್ತಿ ಸಿಗುತ್ತದೆ. ಹೊಸ ಇಂಜಿನಿನ ಆರ್‌ಪಿಎಂ ಬೇರೆಯಾದರೆ ಗೇರ್ ಬಾಕ್ಸಿನ ಅನುಪಾತ, ಫ್ಯಾನಿನ ಅಳತೆ, ಇಂಜಿನ್ ಕೂರುವ ಮರದ ದಿಂಡು ಎಲ್ಲವೂ ಬದಲಾಗಬೇಕಾದೀತು. ಇವುಗಳ ಖರ್ಚು ಅಂಗಡಿಯ ಕೊಟೇಶನ್‌ನಲ್ಲಿ ಇರುವುದಿಲ್ಲ. ಕೇಳಿ ಬರೆಸಿಕೊಳ್ಳಿ.

ಲಾರಿಯ ಹಳೆ ಇಂಜಿನ್ ಅಗ್ಗಕ್ಕೆ ಸಿಕ್ಕಿತೆಂದು ಹಾರಬೇಡಿ. ಲಾರಿ ಶಿರಾಡಿ ಘಾಟಿ ಹತ್ತುವಾಗ ಮಾತ್ರ ಪೂರ್ತಿ ಕಷ್ಟಪಡುತ್ತದೆ, ಇಳಿಯುವಾಗ ಉಸಿರು ಬಿಡುತ್ತದೆ. ಬಲೆ ಎಳೆಯುವ ಬೋಟು ಗಂಟೆಗಟ್ಟಲೆ ಘಾಟಿ ಹತ್ತುತ್ತಲೇ ಇರುತ್ತದೆ, ಅದಕ್ಕೆ ಇಳಿಜಾರು ಇಲ್ಲ.

6. ಲೆಕ್ಕ ಹಾಕೋಣ

ಇದು ಕಲಿಯಲಿಕ್ಕಾಗಿ ಮಾಡಿದ ಲೆಕ್ಕ. ನಿಮ್ಮ ಅಂಕೆಗಳನ್ನು ನೀವು ಹಾಕಿಕೊಳ್ಳಿ.

ಹೊಸ ಇಂಜಿನಿಗೆ 6 ಲಕ್ಷ ರೂ. ಸಾಲ, ಬಡ್ಡಿ ಶೇ. 12, ಅವಧಿ 5 ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 13,350 ರೂ. ಕಟ್ಟುವ ಒಟ್ಟು ಮೊತ್ತ ಸುಮಾರು 8 ಲಕ್ಷ. ಆದರೆ ಬೋಟು ದುಡಿಯುವುದು 10 ತಿಂಗಳು, ಕಂತು 12 ತಿಂಗಳು. ಆದ್ದರಿಂದ ದುಡಿಯುವ ಪ್ರತಿ ತಿಂಗಳು 16,000 ರೂ. ತೆಗೆದಿಡಬೇಕು.

ಬಿಚ್ಚಿ ಕಟ್ಟಿಸಲು 2 ಲಕ್ಷ ರೂ. ಸಾಲ, ಅದೇ ಬಡ್ಡಿ, 2 ವರ್ಷ. ಕಂತು ಸುಮಾರು 9,400 ರೂ. ಒಟ್ಟು ಸುಮಾರು 2 ಲಕ್ಷ 26 ಸಾವಿರ.

"ಹೊಸತು ಡೀಸೆಲ್ ಉಳಿಸ್ತದಲ್ಲ?" ಎಂದು ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ಇಲ್ಲಿಯೇ ಹೆಚ್ಚಿನವರು ತಪ್ಪುವುದು. ಹೊಸ ಇಂಜಿನನ್ನು ಈಗ ಇರುವ ಸವೆದ ಇಂಜಿನಿಗೆ ಹೋಲಿಸಬಾರದು, ಸರಿಯಾಗಿ ಕಟ್ಟಿಸಿದ ಅದೇ ಇಂಜಿನಿಗೆ ಹೋಲಿಸಬೇಕು. ಯಾಕೆಂದರೆ ಕಟ್ಟಿಸಿದ ಮೇಲೆ ಹಳೆಯದೂ ಕಡಿಮೆ ಕುಡಿಯುತ್ತದೆ. ಹೋಲಿಸಿದ ಮೇಲೆ ಗಂಟೆಗೆ 1 ಲೀಟರ್ ಉಳಿಯುವುದಾದರೆ, ವರ್ಷಕ್ಕೆ 2,000 ಗಂಟೆ ಓಡಿದರೆ 2,000 ಲೀಟರ್. ನಿಮಗೆ ಸಿಗುವ ದರದಿಂದ ಗುಣಿಸಿ, ಕಂತಿನ ಪಕ್ಕದಲ್ಲಿ ಬರೆಯಿರಿ. ಹಾಗೆಯೇ ಕಟ್ಟಿಸಿದ್ದು ಎಷ್ಟು ವರ್ಷ ಬಾಳುತ್ತದೆ, ಬೋಟಿನ ಹಲಗೆ ಇನ್ನೆಷ್ಟು ವರ್ಷ ಬಾಳುತ್ತದೆ ಎಂದೂ ಕೇಳಿ. ನಾಲ್ಕು ವರ್ಷ ಬಾಳುವ ಬೋಟಿಗೆ ಐದು ವರ್ಷದ ಸಾಲ ಬೇಡ.

7. ಕೂರಿಸುವಾಗ, ಓಡಿಸುವಾಗ

ಇಂಜಿನ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿ ಇರಬೇಕು. ದಡದಲ್ಲಿ ನಿಂತ ಮರದ ಬೋಟು ನೀರಿಗಿಳಿದಾಗ ಸ್ವಲ್ಪ ಆಕಾರ ಬದಲಿಸುತ್ತದೆ. ಆದ್ದರಿಂದ ಕೊನೆಯ ಅಲೈನ್‌ಮೆಂಟ್ ಬೋಟು ನೀರಿಗಿಳಿದು ಒಂದೆರಡು ದಿನ ಆದ ಮೇಲೆ ಮಾಡಿಸಿ. ಕಪ್ಲಿಂಗಿನ ಬೋಲ್ಟ್ ತೆಗೆದು ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆ ಫೀಲರ್ ಗೇಜ್ ಹಾಕಿ ನೋಡಬೇಕು. 6 ಇಂಚಿನ ಕಪ್ಲಿಂಗಿನಲ್ಲಿ ವ್ಯತ್ಯಾಸ 0.15 ಮಿ.ಮೀ. ದಾಟಬಾರದು ಎಂಬುದು ರೂಢಿಯ ಅಳತೆ. ಇದು ತಪ್ಪಿದರೆ ಗೇರ್ ಬಾಕ್ಸ್ ಮತ್ತು ಸ್ಟರ್ನ್ ಬೇರಿಂಗ್ ಬೇಗನೆ ಸವೆಯುತ್ತವೆ.

ನಂತರ ಟ್ರಯಲ್. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಇಂಜಿನಿನ ಪ್ಲೇಟಿನಲ್ಲಿ ಬರೆದ ಆರ್‌ಪಿಎಂ ಬರಬೇಕು. ಬಾರದೆ ಕಪ್ಪು ಹೊಗೆ ಬಂದರೆ ಫ್ಯಾನ್ ಜಾಸ್ತಿಯಾಗಿದೆ. ಬಲೆ ಎಳೆಯುವಾಗಲೂ ಹೊಗೆ, ನೀರಿನ ಬಿಸಿ, ಆಯಿಲ್ ಪ್ರೆಶರ್ ನೋಡಿ. ಮೊದಲ ಐವತ್ತು ಗಂಟೆ ಪೂರ್ತಿ ಭಾರ ಹಾಕಿ ಎಳೆಯಬೇಡಿ. ಸುಮ್ಮನೆ ನಿಲ್ಲಿಸಿ ಗಂಟೆಗಟ್ಟಲೆ ಓಡಿಸುವುದೂ ಒಳ್ಳೆಯದಲ್ಲ. ಕೈಪಿಡಿ ಹೇಳಿದ ಹೊತ್ತಿಗೆ ಮೊದಲ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಇದಕ್ಕಾಗಿ ಆಗಸ್ಟ್ 1ರ ಹಿಂದಿನ ರಾತ್ರಿಯ ತನಕ ಕಾಯಬಾರದು. ಜೂನ್ ಮೊದಲ ವಾರವೇ ಬಿಚ್ಚಿ.

8. ಕಾಗದಪತ್ರ

ಇಂಜಿನ್ ಬದಲಾದರೆ ಅದರ ನಂಬರ್, ಅಶ್ವಶಕ್ತಿ ಬದಲಾಗುತ್ತದೆ. ಕೊಳ್ಳುವ ಮೊದಲೇ ಮೀನುಗಾರಿಕಾ ಇಲಾಖೆಯ ಕಚೇರಿಗೆ ಹೋಗಿ ಎಷ್ಟು ಅಶ್ವಶಕ್ತಿಗೆ ಅವಕಾಶ ಇದೆ ಎಂದು ಕೇಳಿ. ಕೊಂಡ ಮೇಲೆ ನೋಂದಣಿ ಪತ್ರ, ವಿಮೆ, ತೆರಿಗೆ ವಿನಾಯಿತಿಯ ಡೀಸೆಲ್ ದಾಖಲೆ ಎಲ್ಲದರಲ್ಲೂ ತಿದ್ದಿಸಿ. ಬಿಲ್, ಗ್ಯಾರಂಟಿ ಕಾರ್ಡ್ ಮನೆಯಲ್ಲಿಡಿ, ಬೋಟಿನಲ್ಲಲ್ಲ. ಅಪಘಾತ ಆದ ದಿನ ವಿಮೆಯವರು ಮೊದಲು ಕೇಳುವುದು ಕಾಗದವನ್ನೇ.

ಗುಂಪಿನಲ್ಲಿ ಚರ್ಚಿಸಿ

• ನಮ್ಮ ಬೋಟು ಕಳೆದ ಸೀಸನ್‌ನಲ್ಲಿ ಎಷ್ಟು ಗಂಟೆ ಓಡಿತು, ಎಷ್ಟು ಆಯಿಲ್ ಕುಡಿಯಿತು? ಬರೆದಿಟ್ಟವರು ಯಾರು?
• ಸಾಲದ ಅರ್ಜಿಯ ಜೊತೆ ಕಂಪ್ರೆಶನ್ ಟೆಸ್ಟಿನ ಅಂಕೆ, ಕ್ರ್ಯಾಂಕಿನ ಅಳತೆಯ ಚೀಟಿ ಕೇಳುವ ಪದ್ಧತಿ ನಮ್ಮ ಸಂಘದಲ್ಲಿ ತರಬಹುದೇ?
• ಮಳೆಗಾಲದ ಎರಡು ಕಂತಿಗೆ ಹಣ ಯಾವ ತಿಂಗಳಿನಿಂದ ತೆಗೆದಿಡಬೇಕು?

ಮೆಕ್ಯಾನಿಕ್ ಅಣ್ಣನ ಅನುಭವಕ್ಕೆ ಬೆಲೆ ಇದೆ, ಮಾಲಕರ ಆಸೆಗೂ ಬೆಲೆ ಇದೆ. ಆದರೆ ಸಹಿ ಹಾಕುವ ಮೊದಲು ಅಳತೆಯ ಚೀಟಿಯನ್ನೂ ಲೆಕ್ಕದ ಹಾಳೆಯನ್ನೂ ಮನೆಯವರೆಲ್ಲ ಕೂತು ಒಮ್ಮೆ ಓದಿ.