ಬಯಲುಸೀಮೆಯ ಚಳಿಯಲ್ಲಿ ಚೀಲದ ಸಸಿ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ನೆಂಟಸ್ತಿಕೆಯುಳ್ಳ ಸದಸ್ಯರು ಅಲ್ಲಿಗೆಂದು ಅಡಿಕೆ ಸಸಿ ಕೇಳುತ್ತಿದ್ದಾರೆ. ಒಯ್ಯುವ ಮುನ್ನ ಇದನ್ನು ಓದಬೇಕೆಂದು ನಮ್ಮ ಕೋರಿಕೆ.

ಅಡಿಕೆಗೆ 14ರಿಂದ 36 ಡಿಗ್ರಿ ಸೆಲ್ಸಿಯಸ್ ಹಿತ. 10ಕ್ಕಿಂತ ಕೆಳಗಿಳಿದರೆ ಗಿಡ ಸೊರಗುತ್ತದೆ. ಬೆಳಗಾವಿ ಸೀಮೆಯಲ್ಲಿ ಡಿಸೆಂಬರ್-ಜನವರಿಯ ಕೆಲವು ರಾತ್ರಿ ಅದರ ಸಮೀಪಕ್ಕೆ ಬರುವುದುಂಟು. ಆದರೆ ಚಳಿಯೊಂದೇ ಸಸಿಯನ್ನು ಕೊಲ್ಲುವುದಿಲ್ಲ. ಮಣ್ಣು ತಣ್ಣಗಾದಾಗ ಬೇರು ನೀರೆಳೆಯುವುದು ನಿಧಾನವಾಗುತ್ತದೆ. ಹಗಲಿನ ಬಿಸಿಲು, ಮೂಡಣದ ಒಣಗಾಳಿ ಎಲೆಯ ತೇವವನ್ನು ಹೀರುತ್ತವೆ. ಎಲೆಯ ತುದಿ ಒಣಗಿದ್ದು ಕಂಡು ಮನೆಯವರು ಮತ್ತೆ ಮತ್ತೆ ನೀರು ಸುರಿಯುತ್ತಾರೆ. ಚೀಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ.

ಹಿಮ ಬೀಳುವ ದೇಶಗಳಲ್ಲಿ ನಮ್ಮ ಆಲದ ಜಾತಿಯ ಮರಗಳನ್ನೇ ಗೇಣುದ್ದ ಕುಳ್ಳಾಗಿಸಿ ತಟ್ಟೆಯಲ್ಲಿ ಬೆಳೆಸುವ ಹವ್ಯಾಸಿಗಳಿದ್ದಾರೆ. ಚಳಿಗಾಲಕ್ಕೆ ಗಿಡವನ್ನು ಒಳಗೆ ತಂದು ಬೆಳಕಿನ ಕಿಟಕಿಯ ಬಳಿ ಇಟ್ಟು, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡುತ್ತಾರೆ. ನಮ್ಮ ಚೀಲಕ್ಕೂ ಅದೇ ಕ್ರಮ. ಮೂಡಣ ಗಾಳಿಗೆ ಮರೆ ಮಾಡಿ, ಬಿಸಿಲೇರಿದ ಮೇಲೆ ನೀರು ಹಾಕಿ; ಸಂಜೆ ಬೇಡ. ಚಳಿಯಲ್ಲಿ ಯೂರಿಯಾ ಬೇಡವೇ ಬೇಡ.

ನೆಡುವುದು ಜೂನ್-ಜುಲೈನಲ್ಲಿ, ಚಳಿಗೆ ಮುಂಚೆ ಬೇರು ಹರಡಲಿ. ಸಸಿ 12ರಿಂದ 18 ತಿಂಗಳದಿರಲಿ. ಚೀಲದಲ್ಲೇ ಬಹುಕಾಲ ಉಳಿದ ಕಾಫಿ ಗಿಡದ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿರುತ್ತದೆ; ಸುತ್ತಿದ ತುದಿಯನ್ನು ಕತ್ತರಿಸದೆ ನೆಟ್ಟರೆ ಅದೂ ತಟ್ಟೆಯ ಕುಳ್ಳುಮರವೇ.

ಇನ್ನು ಮಣ್ಣು. ಕಿತ್ತೂರಿನ ಪಶ್ಚಿಮಕ್ಕೆ, ನೀರು ಬಸಿಯುವ ಕೆಂಪು ಮಸಾರಿಯಲ್ಲಿ, ಬೇಸಿಗೆಯಲ್ಲೂ ಬತ್ತದ ಬಾವಿಯಿದ್ದರೆ ಪ್ರಯತ್ನಿಸಬಹುದು. ತೆಂಕಣ-ಪಡುವಣದ ಬಿಸಿಲು ಕಾಂಡವನ್ನು ಸುಡದಂತೆ ಆ ಬದಿಗೆ ಬಾಳೆ ನೆಡಬೇಕು. ಸವದತ್ತಿ, ರಾಮದುರ್ಗದ ಆಳವಾದ ಎರೆ ಭೂಮಿಗೆ ನಾವು ಬೇಡವೆಂದೇ ಹೇಳುತ್ತೇವೆ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಬಂದಿದೆ ನಿಜ. ನೀರು ಬಂದರೆ ಎರೆ ಮಸಾರಿಯಾಗದು, ಹೆಚ್ಚಾದರೆ ಸವಳಾದೀತು. ಅದೇ ಚಳಿ ಅಲ್ಲಿನ ಕಡಲೆಗೂ ಬಿಳಿಜೋಳಕ್ಕೂ ಹಬ್ಬ. ಅದನ್ನು ಬಿಟ್ಟು, ಫಸಲಿಗೆ ಐದಾರು ವರ್ಷ ಕಾಯಬೇಕಾದ ಅಡಿಕೆಗೆ ಸಾಲ ಮಾಡುವುದು ನೆಂಟರಿಗೆ ನಾವು ಕೊಡಬಹುದಾದ ಸಲಹೆಯಲ್ಲ.

ಆಸೆಯಿದ್ದವರು ಐದು ಸಸಿ ಒಯ್ದು ಹಿತ್ತಿಲಲ್ಲಿಡಲಿ. ಒಂದು ಚಳಿ, ಒಂದು ಬೇಸಿಗೆ ಕಳೆಯಲಿ. ಆಮೇಲೆ ಬಂದರೆ ನೂರರ ಮಾತು ಆಡೋಣ.