ರಂಗದ ಮೇಲೆ ಬೆಳ್ಳಕ್ಕಿ ಹಾರಿಸುವುದು ಹೇಗೆ?

ಬೀದರ್ ಜಿಲ್ಲೆಯ ಔರಾದ್, ಭಾಲ್ಕಿ ಕಡೆಯ ಹೊಲಗಳಲ್ಲಿ ದೇವಣಿ ತಳಿಯ ದನಗಳ ಬೆನ್ನು ಹತ್ತಿ ತಿರುಗುವ ಬೆಳ್ಳಕ್ಕಿ, ಮೊದಲ ಹಕ್ಕಿಗೊಂಬೆಗೆ ತಕ್ಕ ಮಾದರಿ. ಮೈಯೆಲ್ಲ ಬಿಳುಪಾದ್ದರಿಂದ ಕಪ್ಪು ಪರದೆಯ ಮುಂದೆ ಕೊನೆಯ ಸಾಲಿನವರಿಗೂ ಕಾಣುತ್ತದೆ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಶಾಲೆಯವರು ಆಡುವುದಾದರೆ, ಭಾಲ್ಕಿಯ ಹೊಲದ ದೃಶ್ಯಕ್ಕೆ ಇಂಥ ಎರಡು ಹಕ್ಕಿ ಸಾಕು. ಕುಂದಾಪುರ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಗಳ ಹಾಗೆ ಮೇಲಿನಿಂದ ಸೂತ್ರ ಹಿಡಿದು ಆಡಿಸಲು ದೀರ್ಘ ಸಾಧನೆ ಬೇಕು. ಹೊಸಬರಿಗೆ ಕೆಳಗಿನಿಂದ ಕೋಲು ಹಿಡಿಯುವುದೇ ಸಲೀಸು.

ಬೇಕಾಗುವ ಸಾಮಾನು

- 1 ಸೆಂ.ಮೀ. ದಪ್ಪದ ಥರ್ಮಾಕೋಲ್ ಹಾಳೆಗಳು, ಫೆವಿಕಾಲ್, ಪೇಪರ್ ಕಟರ್
- ಹಳೆಯ ಬಿಳಿ ಪಂಚೆ
- ಬುರುಡರ ಬಳಿ ಸಿಗುವ ಬಿದಿರಿನ ಸೀಳುಗಳು, 150 ಸೆಂ.ಮೀ. ಉದ್ದದ ಹಗುರ ಬಿದಿರುಕೋಲು
- ಕೋಲಿನ ಮೇಲೆ ಸಡಿಲಾಗಿ ಜಾರುವ 10 ಸೆಂ.ಮೀ. ಪಿವಿಸಿ ಪೈಪಿನ ತುಂಡು
- ನೈಲಾನ್ ದಾರ, ಎರಡು ಸಣ್ಣ ಬಳೆ, ಹೊಲಿಗೆಯ ಎಲಾಸ್ಟಿಕ್, ಕಪ್ಪು ಬಟ್ಟೆ

ಪತಂಗದ ಮಾಂಜಾ ಬೇಡ. ಅದರ ಗಾಜಿನ ಪುಡಿ ಬೆರಳು ಕೊಯ್ಯುತ್ತದೆ.

ಹಂತ 1: ನೋಡಿ

ಬೆಳಿಗ್ಗೆ ಹೊಲದ ಬದುವಿನಲ್ಲಿ ಕುಳಿತು ಹಕ್ಕಿ ಹಾರುವುದನ್ನು ಗಮನಿಸಿ. ಬೆಳ್ಳಕ್ಕಿ ಕುತ್ತಿಗೆಯನ್ನು ಹಿಂದಕ್ಕೆ ಮಡಚಿ, ಕಾಲುಗಳನ್ನು ಬಾಲದಾಚೆ ಚಾಚಿ ಹಾರುತ್ತದೆ. ಕುತ್ತಿಗೆ ಮುಂದೆ ಚಾಚಿದಿರೋ, ಅದು ಕ್ರೌಂಚವಾಯಿತು. ಇನ್ನೊಂದು ಮುಖ್ಯ ಸಂಗತಿ: ರೆಕ್ಕೆ ಕೆಳಗೆ ಒತ್ತಿದಾಗ ಮೈ ಮೇಲೇಳುತ್ತದೆ. ಮುಂದಿನ ಕೆಲಸವೆಲ್ಲ ನಿಂತಿರುವುದು ಇದರ ಮೇಲೆ.

ಹಂತ 2: ಮೈ

ಥರ್ಮಾಕೋಲ್ ತುಂಡುಗಳನ್ನು ಅಂಟಿಸಿ, ಒಣಗಿದ ಮೇಲೆ 35 ಸೆಂ.ಮೀ. ಉದ್ದದ ಮೈ ಕೆತ್ತಿ. ಘಾಟು ವಾಸನೆಯ ಅಂಟು ಬಳಸಬೇಡಿ, ಥರ್ಮಾಕೋಲ್ ಕರಗುತ್ತದೆ. ಕೊಕ್ಕಿಗೆ ಹಳದಿ ಬಳಿದ ಬಿದಿರು ಸೀಳು, ಕಾಲಿಗೆ ಎರಡು ತೆಳು ಕಡ್ಡಿ.

ಹಂತ 3: ರೆಕ್ಕೆ

ಪ್ರತಿ ರೆಕ್ಕೆಗೆ ಎರಡು ತುಂಡು: ಒಳಗಿನದು 25, ಹೊರಗಿನದು 30 ಸೆಂ.ಮೀ. ಬುಡದಲ್ಲಿ 20 ಸೆಂ.ಮೀ. ಅಗಲವಿದ್ದು ತುದಿಗೆ ಚೂಪಾಗಲಿ. ಮುಂದಂಚಿಗೆ ಬಿದಿರು ಸೀಳು ಅಂಟಿಸಿ. ಎರಡೂ ತುಂಡನ್ನು ಒತ್ತಾಗಿ ಇಟ್ಟು, ಅಡಿಭಾಗಕ್ಕೆ ಪಂಚೆಯ ಒಂದೇ ತುಂಡು ಅಂಟಿಸಿ. ಮೇಲ್ಭಾಗಕ್ಕೆ ಬೇರೆ ಬೇರೆ. ಆಗ ಹೊರತುಂಡು ಕೆಳಕ್ಕೆ ಬಾಗುತ್ತದೆ, ಮೇಲಕ್ಕೆ ಬಾಗುವುದಿಲ್ಲ. ಹೆಗಲ ಬಳಿ ಮಾತ್ರ 1 ಸೆಂ.ಮೀ. ಬರೀ ಬಟ್ಟೆ ಬಿಟ್ಟು ಮೈಯ ಪಕ್ಕಕ್ಕೆ, ಬೆನ್ನಿಗಿಂತ 5 ಸೆಂ.ಮೀ. ಕೆಳಗೆ ಅಂಟಿಸಿ.

ಹಂತ 4: ಕೋಲು, ದಾರ

ಹಕ್ಕಿಯನ್ನು ಬೆರಳ ಮೇಲೆ ತೂಗಿ, ಎಲ್ಲಿ ಸಮವಾಗಿ ನಿಲ್ಲುತ್ತದೋ ಅಲ್ಲಿ ಕೋಲು ನಾಟಿ. ಪೈಪಿನ ತುಂಡನ್ನು ಕೋಲಿಗೆ ತೂರಿಸಿ. ಮೈಯಿಂದ 25 ಸೆಂ.ಮೀ. ಕೆಳಗೆ, ಕೋಲಿನ ಎರಡು ಬದಿಗೆ ಬಳೆ ಕಟ್ಟಿ. ಒಳರೆಕ್ಕೆಯ ಅಡಿಯಿಂದ ದಾರ ಹೊರಟು, ಬಳೆಯೊಳಗೆ ನುಸುಳಿ, ಕೆಳಗಿರುವ ಪೈಪಿಗೆ ಬರಲಿ. ಎಲಾಸ್ಟಿಕ್ ಅನ್ನು ಒಂದು ಒಳರೆಕ್ಕೆಯಿಂದ ಇನ್ನೊಂದಕ್ಕೆ ಬೆನ್ನ ಮೇಲಿಂದ ಹಾಯಿಸಿ. ಪೈಪು ಎಳೆದರೆ ರೆಕ್ಕೆ ಇಳಿಯಬೇಕು, ಬಿಟ್ಟರೆ ಏರಬೇಕು. ಕೊನೆಗೆ ಕೋಲಿಗೆ ಕಪ್ಪು ಬಟ್ಟೆ ಸುತ್ತಿ.

ಹಂತ 5: ಹಾರಿಸಿ

ಬಲಗೈ ಪೈಪನ್ನು ಕೆಳಗೆಳೆಯುವಾಗಲೇ ಎಡಗೈ ಕೋಲನ್ನು ಒಂದು ಗೇಣು ಎತ್ತಲಿ. ಸೆಕೆಂಡಿಗೆ ಒಂದು ಬಡಿತ ಸಾಕು. ನಾಲ್ಕು ಬಡಿತ ಆದ ಮೇಲೆ ರೆಕ್ಕೆ ಬಿಚ್ಚಿಟ್ಟು, ತುಸು ಇಳಿಯುತ್ತ ತೇಲಿಸಿ. ತಿರುಗುವಾಗ ಮೊದಲು ಕೊಕ್ಕನ್ನು ಆ ದಿಕ್ಕಿಗೆ ತಿರುಗಿಸಿ, ಆಮೇಲೆ ಮುಂದೆ ಸಾಗಿ. ಆಡಿಸುವವರ ಕಣ್ಣು ಸಭಿಕರ ಮೇಲಲ್ಲ, ಹಕ್ಕಿಯ ಮೇಲಿರಲಿ. ನೋಡುವವರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಎರಡು ಹಕ್ಕಿ ಇದ್ದರೆ ಬೀದರ್ ವಾಯುನೆಲೆಯ ಸೂರ್ಯಕಿರಣ ವಿಮಾನಗಳಂತೆ ಒಂದೇ ಲೆಕ್ಕದಲ್ಲಿ ಹಾರಿಸಬೇಡಿ. ಒಂದರ ಬಡಿತ ಅರ್ಧ ಮಾತ್ರೆ ಹಿಂದಿರಲಿ.

ಹಂತ 6: ರಂಗಕ್ಕೆ ತನ್ನಿ

ಬೀದರಿನ ಜಿಲ್ಲಾ ರಂಗಮಂದಿರವಿರಲಿ, ಶಾಲೆಯ ಅಂಗಳವಿರಲಿ, ಮೊದಲು ಫ್ಯಾನ್ ಆರಿಸಿ. ಬೆಳಕು ಪಕ್ಕದಿಂದ ಬರಲಿ. ಎದುರಿನಿಂದ ಬಿದ್ದರೆ ಕೋಲಿನ ನೆರಳು ಪರದೆಯ ಮೇಲೆ ಮೂಡುತ್ತದೆ. ಆಡಿಸುವವರು ಕೈಗವಸು ಸಹಿತ ಕಪ್ಪು ಉಡುಪು ತೊಡಲಿ.

ತೊಂದರೆ ಬಂದರೆ

- ಹಕ್ಕಿ ಮುಗ್ಗರಿಸಿದರೆ ಕೋಲನ್ನು ತುಸು ಮುಂದಕ್ಕೆ ನಾಟಿ.
- ಒಂದೇ ರೆಕ್ಕೆ ಇಳಿದರೆ ಎರಡು ದಾರಗಳ ಉದ್ದ ಸಮ ಮಾಡಿ.
- ರೆಕ್ಕೆ ಸೋಮಾರಿಯಾಗಿ ಏರಿದರೆ ಎಲಾಸ್ಟಿಕ್ ಬಿಗಿ ಮಾಡಿ.
- ಎಲ್ಲ ಸರಿಯಿದ್ದೂ ಹಕ್ಕಿ ಬೀಸಣಿಕೆಯಂತೆ ಕಂಡರೆ, ಎಡಗೈ ಕೋಲನ್ನು ಎತ್ತುತ್ತಿಲ್ಲ ಎಂದೇ ಅರ್ಥ. ಹಂತ 5ಕ್ಕೆ ಮರಳಿ.